ಕಂದು ಉಂಗುರದ ವೈವಾ

ಇಳಕಲ್
೯ ಮೇ ೨೦೨೫

ಪ್ರೀತಿಯ ತಮ್ಮ ಪ್ರಬುದ್ಧನಿಗೆ,

ನಿನ್ನ ಗಂಟಲು ಈಗ ಹೇಗಿದೆ? ಈ ಬಿಸಿಲಿನಲ್ಲಿ ಬಾದಾಮಿಯ ಗುಹೆಗಳ ಮೆಟ್ಟಿಲು ದಿನಕ್ಕೆ ನಾಲ್ಕು ಸಲ ಹತ್ತಿಳಿದು ಪ್ರವಾಸಿಗರ ಮುಂದೆ ಕೂಗಿದರೆ ಅದು ಉಳಿಯುವುದಾದರೂ ಹೇಗೆ? ಗೈಡ್ ಕೆಲಸಕ್ಕೆ ಒಂದು ವಾರ ರಜೆ ಹಾಕು ಎಂದರೆ ನೀನು ಕೇಳುವವನಲ್ಲ. ಅವ್ವ ಆರಾಮವಾಗಿದ್ದಾಳೆ, ಮೊಮ್ಮಗಳು ಬರುತ್ತಾಳೆಂದು ಶೇಂಗಾ ಹೋಳಿಗೆಗೆ ಈಗಲೇ ಬೆಲ್ಲ ತರಿಸಿಟ್ಟಿದ್ದಾಳೆ. ನನ್ನದೇನು, ಮೌಲ್ಯಮಾಪನಕ್ಕೆ ದಿನಾ ಬಾಗಲಕೋಟೆಗೆ ಬಸ್ಸಿನಲ್ಲಿ ಹೋಗಿ ಬಂದು ಕಾಲು ಬಾತಿವೆ. ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೂ ಬೇಸರ. ಇಪ್ಪತ್ತೆಂಟು ವರ್ಷ ಅದೇ ಕೆಮಿಸ್ಟ್ರಿ ಹೇಳಿ ಸಾಕಾಗಿ ಹೋಗಿದೆ, ತಮ್ಮಾ.

ಮಾಯಾಳನ್ನು ಪಿಯುಸಿ ಓದಲು ನನ್ನ ಮನೆಯಲ್ಲಿ ಬಿಡುವ ಮಾತು ಹೋದ ವಾರ ಫೋನಿನಲ್ಲಿ ಆಡಿದೆಯಲ್ಲ, "ನನಗ ಕಲಿಸಿದಾಕಿ ನೀನ ಅಕ್ಕಾ, ನನ್ನ ಮಗಳನ್ನೂ ನಿನ್ನ ಕೈಗೆ ಕೊಡ್ತೇನಿ" ಎಂದು. ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಅವಳು ಬರುವ ಮೊದಲು ನಿನಗೊಂದು ವಿಷಯ ಹೇಳಬೇಕು. ನಿನ್ನ ದನಿ ಕೇಳಿದರೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಈ ಕಾಗದ.

ನಿನ್ನ ಬಿ.ಎಸ್ಸಿ. ಕೊನೆಯ ವರ್ಷದ ವೈವಾ ನೀನು ಮರೆತಿರುವುದಿಲ್ಲ. ಹೊರಗಿನ ಪರೀಕ್ಷಕರು ವಿಜಯಪುರದವರು, ಒಳಗಿನವಳು ನಾನು. ಅಕ್ಕ ಎಂದು ನಾನು ಹಿಂದೆ ಸರಿಯಬೇಕಿತ್ತು, ಆದರೆ ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ. ನೈಟ್ರೇಟ್ ಪತ್ತೆಹಚ್ಚುವ ಕಂದು ಉಂಗುರವನ್ನು ನೀನು ಎಷ್ಟು ಚೆಂದ ತಂದಿದ್ದೆ! ಟೆಸ್ಟ್‌ಟ್ಯೂಬು ಓರೆ ಹಿಡಿದು, ಆಮ್ಲವನ್ನು ಅಂಚಿಗುಂಟ ಇಳಿಸಿ, ಒಂದಿಷ್ಟೂ ಅಲುಗಾಡಿಸದೆ. ಕಬ್ಬಿಣಕ್ಕೆ ನೈಟ್ರಿಕ್ ಆಕ್ಸೈಡ್ ಕೂಡಿಕೊಂಡು ಆ ಕಂದು ಬರುತ್ತದೆ. ಅದರಲ್ಲಿ ಕಬ್ಬಿಣದ ಉತ್ಕರ್ಷಣ ಸಂಖ್ಯೆ ಎಷ್ಟು ಎಂದು ನಾನು ಕೇಳಿದೆ. ಪುಸ್ತಕದಲ್ಲಿದ್ದದ್ದು ಒಂದು. ನೀನು ಮೂರು ಎಂದೆ. ಅಳೆದಾಗ ಜೋಡಿಯಿಲ್ಲದ ಎಲೆಕ್ಟ್ರಾನು ಮೂರೇ ಸಿಗುತ್ತವೆ, ಸಂಖ್ಯೆ ಒಂದಿದ್ದರೆ ಮಾತ್ರ ಅಷ್ಟು ಉಳಿಯುತ್ತವೆ, ಹಾಗಾಗಿ ಉತ್ತರ ಒಂದೇ ಎಂದೆ ನಾನು. "ಸಂಖ್ಯೆ ಮೂರಾದ್ರ ಕಬ್ಬಿಣದಾಗ ಐದು ಇದ್ದು, ನೈಟ್ರಿಕ್ ಆಕ್ಸೈಡಿನವು ಎರಡು ಎದುರು ನಿಂತ್ರೂ ಮೂರ ಉಳೀತಾವಲ್ರಿ ಮೇಡಂ?" ಎಂದೆ ನೀನು. ಅಕ್ಕನಿಗೆ ಮೇಡಂ! "ಪುಸ್ತಕದಾಗ ಇದ್ದದ್ದು ಹೇಳು, ಭಾಳ ಶಾಣ್ಯಾತನ ಬ್ಯಾಡ" ಎಂದು ಎಲ್ಲರೆದುರು ಗದರಿದೆ. ಹತ್ತರಲ್ಲಿ ಎರಡು ಅಂಕ ಬಂತು, ಮೂರು ಅಂಕಕ್ಕೆ ಧಾರವಾಡದ ಎಂ.ಎಸ್ಸಿ. ಸೀಟು ತಪ್ಪಿತು. ಆ ವಿಜಯಪುರದವರನ್ನು ನೀನು ಇವತ್ತಿಗೂ ಬೈಯುತ್ತೀ.

ಮೊನ್ನೆ ನಮ್ಮ ಹೊಸ ಲೆಕ್ಚರರ್ ತಸ್ಲೀಮಾ ಲ್ಯಾಬಿನಲ್ಲಿ ಅದೇ ಮಾತು ತೆಗೆದಳು. ಒಂದು ಎನ್ನುವುದು ನಿಲ್ಲುವುದಿಲ್ಲವಂತೆ, ಮೂರು ಎನ್ನುವುದೇ ಹತ್ತಿರವಂತೆ. ಎಲೆಕ್ಟ್ರಾನುಗಳು ಕಬ್ಬಿಣ, ನೈಟ್ರಿಕ್ ಆಕ್ಸೈಡ್ ಎರಡರ ನಡುವೆ ಹಂಚಿಹೋಗಿರುವಾಗ ಖಡಾಖಂಡಿತ ಹೇಳುವುದೂ ಕಷ್ಟವಂತೆ. ಮೊಬೈಲಿನಲ್ಲಿ ಲೇಖನ ತೋರಿಸಿದಳು. ೨೦೦೨ರದು, ನಿನ್ನ ವೈವಾಕ್ಕಿಂತ ಎರಡು ವರ್ಷ ಮೊದಲಿನದು. ನಾನು ಓದಿರಲಿಲ್ಲ. ನೀನೂ ಓದಿರಲಿಲ್ಲ, ಸ್ವಂತ ತಲೆಯಿಂದ ಹೇಳಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಇಷ್ಟು ವರ್ಷ ಎಷ್ಟು ಮಕ್ಕಳಿಗೆ ಒಂದು ಎಂದು ಬರೆಸಿದೆನೋ! ತಪ್ಪಾಯಿತು ತಮ್ಮಾ.

ಅವ್ವನ ಆಶೀರ್ವಾದ ನಿಮ್ಮೆಲ್ಲರಿಗೂ. ಬಿಸಿನೀರು ಕುಡಿ, ಗಂಟಲಿಗೆ ಒಳ್ಳೆಯದು. ಜೈ ಭೀಮ್.

ನಿನ್ನ ಅಕ್ಕ,
ರಮಾಬಾಯಿ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ಹೇಳಬೇಕಾದದ್ದನ್ನು ಇನ್ನೂ ಹೇಳಿಲ್ಲ. ಆ ಎರಡು ಅಂಕ ಹಾಕಿದ್ದು ವಿಜಯಪುರದವರಲ್ಲ. ಅವರು ಎಂಟು ಬರೆದು, "ಹುಡುಗ ವಿಚಾರ ಮಾಡ್ತಾನ್ರಿ" ಎಂದಿದ್ದರು. ಈ ಜನ ತಮ್ಮವರಿಗೆ ತಾವೇ ಅಂಕ ಹಾಕಿಕೊಳ್ಳುತ್ತಾರೆ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಬರುತ್ತದೆಂದು ಹೆದರಿ, ಅವರನ್ನು ಒಪ್ಪಿಸಿ, ನಾನೇ ಎಂಟು ಹೊಡೆದು ಎರಡು ಮಾಡಿದೆ. ಇಪ್ಪತ್ತೊಂದು ವರ್ಷ ನೀನು ಅವರನ್ನು ಬೈಯುವಾಗ ಪಕ್ಕದಲ್ಲೇ ಸುಮ್ಮನೆ ಕೂತಿದ್ದೆ. ಇದನ್ನು ಮಾಯಾಳಿಗೂ ಓದಿ ಹೇಳು. ಆಮೇಲೂ ಬರುತ್ತೇನೆ ಎಂದರೆ ಕಳಿಸು.