ತಂಬೂರಿನ ಗಾಣಕ್ಕೆ ಟೊಳ್ಳು ಶಾಫ್ಟ್

ಜನವರಿ ೯, ಸಂಜೆ

ಟೊಳ್ಳು ಶಾಫ್ಟಿನ ಕಥೆ ನನಗೆ ಮೊದಲು ಹೇಳಿದವರು ಉಸ್ತಾದ ಬಾಷಾಸಾಬರು, ನಾನು ಕಲಘಟಗಿಗೆ ಲೇತ್ ಯಂತ್ರದ ಕೆಲಸ ಕಲಿಯಲು ಬಂದ ವರ್ಷ. ಇವತ್ತು ಅದನ್ನೇ ಸುಮಂಗಲಾಗೆ ಹೇಳಿದೆ. ಗಂಡ ತೀರಿದ ಮೇಲೆ ಅವಳು ತವರೂರಾದ ತಂಬೂರು ಹಳ್ಳಿಯಲ್ಲಿ ಕಬ್ಬಿನ ಗಾಣ ನಡೆಸುತ್ತಾಳೆ. ಗಾಣ ತಿರುಗಿಸುವ ಕಬ್ಬಿಣದ ದಂಡ, ಅದೇ ಶಾಫ್ಟ್, ಮತ್ತೆ ತಿರುಚಿ ಮುರಿದಿದೆ. ಅದನ್ನು ಹಿಡಿದು ನನ್ನ ಅಂಗಡಿಗೆ ಬಂದಿದ್ದಳು, ಜೊತೆಗೆ ತಾಯಿ ಅನ್ನವ್ವ.

"ತೂಕ ಅಷ್ಟ ಇರ್ಲಿರಿ. ಒಳಗ ಟೊಳ್ಳ ಬಿಟ್ಟು ಹೊರಗ ದಪ್ಪ ಮಾಡೂಣು. ತಿರುವೂ ಜೋರೆಲ್ಲ ಹೊರಮೈಗೆ ಬೀಳ್ತದ. ನಡುವಿನ ಕಬ್ಬಿಣ ಬರೇ ಕುಂತ ಉಣ್ತದ," ಅಂದೆ.

"ನಮ್ಮ ತಮ್ಮನ ಹಂಗ," ಅಂದಳು ಅನ್ನವ್ವ.

ಸುಮಂಗಲಾ ನಕ್ಕಳು. ನಂಬಲಿಲ್ಲ. "ಮೊದ್ಲ ತೋರಿಸ್ರಿ."

ತೋರಿಸುತ್ತೇನೆ. ಅದಕ್ಕಾದರೂ ಅವಳು ಮತ್ತೆ ಬರಬೇಕಲ್ಲ…

ಜನವರಿ ೧೨

ಒಂದೇ ಉದ್ದ, ಒಂದೇ ತೂಕದ ಎರಡು ತುಂಡು — ಒಂದು ಗಟ್ಟಿ, ಒಂದು ಟೊಳ್ಳು. ಮೇಲೆ ಸುಣ್ಣದ ನೇರ ಗೆರೆ. ತಾಯಿ ಮಗಳು ಬಂದ ಮೇಲೆ ಒಂದು ತುದಿಯನ್ನು ಕಚ್ಚಿ ಹಿಡಿಯುವ ವೈಸಿನಲ್ಲಿ ಬಿಗಿದೆ, ಇನ್ನೊಂದಕ್ಕೆ ಹಿಡಿ ಸಿಕ್ಕಿಸಿ ಸುಮಂಗಲಾ ಕೈಗೇ ಕೊಟ್ಟೆ. ಗಟ್ಟಿಯದರ ಗೆರೆ ಬಳ್ಳಿಯಂತೆ ಸುತ್ತಿಕೊಂಡಿತು. ಟೊಳ್ಳಿಗೆ ಜೋತುಬಿದ್ದಳು. ಗೆರೆ ಅಲುಗಲಿಲ್ಲ.

"ಲಗ್ನಾ ಬಿಟ್ಟು ಕಬ್ಬಿಣದ ಕೂಡ ಸಂಸಾರ ಮಾಡಿದ್ದು ಸುಳ್ಳಾಗ್ಲಿಲ್ಲ ಬಿಡೋ ಸಿದ್ಧಲಿಂಗ," ಅಂದಳು ಅನ್ನವ್ವ.

"ಎಷ್ಟ ವರ್ಷ ಬಾಳ್ತದ್ರಿ?" ಸುಮಂಗಲಾ.

"ಹತ್ತ ವರ್ಷ ಈ ಕಡೆ ಬರೂದ ಬ್ಯಾಡ್ರಿ."

ಬಾಯಿ ತಪ್ಪಿ ಅಂದೆ. ಆಮೇಲೆ ಲೆಕ್ಕ ಹಾಕಿದೆ — ಹತ್ತು ವರ್ಷ.

ಜನವರಿ ೧೫

ಸಂಕ್ರಮಣ. ಅಂಗಡಿಯಲ್ಲಿ ಒಬ್ಬನೇ. ಮೂಲೆಯಲ್ಲಿ ತೆಳು ಗೋಡೆಯ ಪೈಪೂ ಇದೆ. ಹೊರಗಿನ ದಪ್ಪ ಅದೇ. ತುದಿ ಬೆಸೆದರೆ ಯಾರಿಗೂ ಗೊತ್ತಾಗದು. ಯುಗಾದಿಯೊಳಗೆ ಮುರಿಯುತ್ತದೆ, ಮತ್ತೆ ಬರುತ್ತಾಳೆ… ಎತ್ತಿ ಹಿಡಿದೆ. ಎಷ್ಟು ಹಗುರ.

ಜನವರಿ ೧೮

ದಪ್ಪ ಗೋಡೆಯ ಪೈಪನ್ನೇ ಲೇತಿಗೆ ಕಟ್ಟಿದೆ. ಸಂಜೆ ತಂಬೂರಿಗೆ ಹೋಗಿ ಕೂರಿಸಿದೆ. ಗಾಣ ಒಂದೇ ಸಮ ತಿರುಗಿತು. ಸುಮಂಗಲಾ ಬಿಸಿ ಬೆಲ್ಲ ಎಲೆಯಲ್ಲಿಟ್ಟು ಕೊಟ್ಟಳು.

"ಇನ್ನ ನಿಮ್ಮ ಅಂಗಡಿ ಮುಖಾ ನೋಡೂ ಪ್ರಸಂಗ ಇಲ್ಲ ನೋಡ್ರಿ!"

"ಹೌದ್ರಿ," ಅಂದೆ. ಬೆಲ್ಲ ಬಾಯಿ ಸುಟ್ಟಿತು.

ಜನವರಿ ೧೯, ಮುಂಜಾನೆ

ತಂಬೂರಿನಿಂದ ಹಾಲು ತರುವ ಕುಬೇರಪ್ಪ ಹೇಳಿದ — ತಾಯಿ ಮಗಳು ನಸುಕಿಗೇ ಗಾಣ ಹೂಡಿದ್ದಾರಂತೆ. ಅನ್ನವ್ವ ಕಬ್ಬು ಕೊಡುತ್ತಾಳೆ, ಸುಮಂಗಲಾ ಹಾಡು ಹೇಳುತ್ತಾಳೆ. ನಿಲ್ಲಿಸುವ ಮಾತೇ ಇಲ್ಲವಂತೆ.

ಒಳ್ಳೆಯದಾಯಿತು. ಒಳ್ಳೆಯದೇ.

ಹೊರಗೆ ತಂಬೂರಿನ ಬಸ್ಸು ನಿಂತ ಸಪ್ಪಳ. ಯಾರು ಇಳಿದರೋ, ಒಂದು ಗಳಿಗೆ ನೋಡಿ ಬರುತ್ತೇನೆ—