ಕಾಲುವೆಯ ಬಿಸಿನೀರು

ಜನವರಿ 12, ಭಾನುವಾರ

ಪ್ರೀತಿಯ ಅಪ್ಪ,

ಹೇಗಿದ್ದೀಯ? ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ, ಆದ್ದರಿಂದ ಬರೆಯುವುದಿಲ್ಲ. ಕಾಗದ ತಡವಾಯಿತು. ಕೆಲಸ ಜಾಸ್ತಿಯಿತ್ತು ಎನ್ನಬಹುದಿತ್ತು. ನಿಜವಾಗಿ ಇದ್ದದ್ದು ಸಿಟ್ಟು. ಇಲ್ಲಿಯ ವಿದ್ಯುತ್ ಸ್ಥಾವರ ಮುಚ್ಚಿದ ಮೇಲೆ ನೀನು ಇನ್ನೂ ಕಲ್ಲಿದ್ದಲು ಉರಿಸುವ ಸ್ಥಾವರ ಹುಡುಕಿಕೊಂಡು ಅಷ್ಟು ದೂರ ಹೋದೆ. ನಾನು ಸೋಲಾರ್ ತಂಡ ಸೇರಿದ್ದಕ್ಕೆ, "ನನ್ನ ಬಾಯ್ಲರ್ ಆರಿಸಿದೋರ ಜೊತೆ ಸೇರ್ಕೊಂಡ್ಯಲ್ಲೇ" ಎಂದವನು ಆಮೇಲೆ ನನ್ನ ಫೋನೂ ಎತ್ತಲಿಲ್ಲ.

ಕಲ್ಲಿದ್ದಲ ಬೂದಿ ಸುರಿಯುತ್ತಿದ್ದ ಬಯಲಲ್ಲೇ ನಾವು ಫಲಕ ನಿಲ್ಲಿಸುತ್ತಿದ್ದೇವೆ. ನಾನು ಬೋಲ್ಟು ಬಿಗಿಯುತ್ತೇನೆ. ಶಾಲೆಯ ಬೆಂಚಿನ ಮೇಲೆ ಒಂದು ಗಳಿಗೆ ಕೂರಲಾರದ ನಿನ್ನ ‘ಪಾದರಸ’ ಇಲ್ಲಿ ಇಡೀ ದಿನ ಓಡಾಡಿದರೂ ಯಾರೂ ಬೈಯುವುದಿಲ್ಲ. "ಇವಳ ಕಾಲಿಗೊಂದು ತಂತಿ ಸುತ್ತಿದ್ರೆ ಅರ್ಧ ಊರಿಗೆ ಕರೆಂಟ್ ಬರುತ್ತೆ" ಎನ್ನುತ್ತಾನೆ ಮೇಸ್ತ್ರಿ. ಹಗಲಿನ ಬಿಸಿಲು ಬ್ಯಾಟರಿಯಲ್ಲಿ ಕೂತಿದ್ದು ಸಂಜೆ ಮನೆಮನೆಗೆ ಹೋಗುತ್ತದೆ. ಮೋಡ ಕವಿದರೆ ಗ್ರಿಡ್ ತಾನಾಗಿಯೇ ದೂರದ ಗುಡ್ಡಗಳ ಗಾಳಿಯಂತ್ರಗಳಿಂದ ತರಿಸಿಕೊಳ್ಳುತ್ತದೆ. ಅಮ್ಮ ಬಟ್ಟೆಯನ್ನು ಹೊರಗೆ ಒಣಹಾಕುತ್ತಾಳೆ, ಬೂದಿ ಕೂರುವುದಿಲ್ಲ. ನನಗೆ ಈ ಕೆಲಸ ಇಷ್ಟ, ಅಪ್ಪ. ಮುಚ್ಚಿಟ್ಟು ಏನು ಮಾಡಲಿ?

ಆದರೆ ಕಾಲುವೆ ತಣ್ಣಗಾಗಿದೆ.

ಸ್ಥಾವರದ ಯಂತ್ರಗಳನ್ನು ತಣಿಸಿ ಹೊರಬರುತ್ತಿದ್ದ ಆ ನೀರು ಚಳಿಗಾಲದಲ್ಲೂ ಹಬೆಯಾಡುತ್ತಿತ್ತು, ನೆನಪಿದೆಯಾ? ಪಾಳಿ ಮುಗಿಸಿ ಬಂದು, ನನ್ನ ಹೊಟ್ಟೆಯಡಿ ಅಂಗೈ ಕೊಟ್ಟು ಈಜು ಕಲಿಸಿದೆ. "ಹಿಡ್ಕೊಂಡಿದೀಯಾ, ಅಪ್ಪಾ?" ಎಂದು ನಾನು ಕಿರುಚಿದರೆ, "ಯಾವಾಗ್ಲೋ ಬಿಟ್ಟಾಯ್ತು ಕಣೇ!" ಎಂದು ಹಿಂದಿನಿಂದ ನಗುತ್ತಿದ್ದೆ ನೀನು. ಅಜ್ಜಿ ಮೆಟ್ಟಿಲ ಮೇಲೆ ಕೂತು ಮಂಡಿನೋವಿನ ಕಾಲುಗಳನ್ನು ಇಳಿಬಿಟ್ಟು ಅಕ್ಕಪಕ್ಕದವರಿಗೆ ಜಂಭ ಕೊಚ್ಚುತ್ತಿದ್ದಳು: "ನನ್ ಮಗ ಒಲೆ ಉರಿಸ್ತಿದಾನೆ, ಕಾಲಿಟ್ಕೊಳ್ರೇ, ಪುಕ್ಕಟೆ!"

ಈಗಲೂ ಮಧ್ಯಾಹ್ನ ಹೋಗಿ ಬೆರಳು ಅದ್ದಿ ನೋಡಿ ಬರುತ್ತಾಳೆ. "ಇವತ್ತೂ ಹಚ್ಚಿಲ್ಲ" ಎನ್ನುತ್ತಾಳೆ. ಸ್ಥಾವರ ಮುಚ್ಚಿತು ಎಂದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾಳೆ.

ಅದಕ್ಕೇ ಮೇಸ್ತ್ರಿಯ ತಲೆ ತಿಂದು, ತಂತಿ ಹಾಯಿಸಿ ಉಳಿದ ಕಪ್ಪು ಕೊಳವೆ ಕೇಳಿ ತಂದೆ. ಮನೆಯ ಚಾವಣಿ ಮೇಲೆ ಅದನ್ನು ಸುರುಳಿ ಸುತ್ತಿ ನೀರು ತುಂಬಿಸಿದೆ. ಬಿಸಿಲಿಗೆ ಹದವಾಗಿ ಕಾಯುತ್ತದೆ, ಥೇಟ್ ನಿನ್ನ ಕಾಲುವೆಯ ನೀರಿನಂತೆಯೇ. ಟಬ್ಬಿಗೆ ಹಿಡಿದು ಅಜ್ಜಿಯ ಮುಂದಿಟ್ಟೆ.

ಮಫ್ಲರ್ ಸುತ್ತಿಕೊಂಡೇ ಪಾಳಿಗೆ ಹೋಗು. ನಿನ್ನ ಕೆಮ್ಮು ಇಳಿಯಲಿ, ರಾತ್ರಿ ಒಳ್ಳೆಯ ನಿದ್ದೆ ಬರಲಿ.

ನಿನ್ನ
ಪಾದರಸ

ಮರೆತ ಮಾತು: ಮರೆತಿರಲಿಲ್ಲ, ಬರೆಯುವ ಧೈರ್ಯವಿರಲಿಲ್ಲ. ಟಬ್ಬಿನಲ್ಲಿ ಕಾಲಿಟ್ಟ ಕೂಡಲೇ ಅಜ್ಜಿಯ ಮುಖ ಅರಳಿತು. "ಬಂದ್ನಾ ನಿಮ್ಮಪ್ಪ?" ಎಂದಳು. ಹೂಂ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಬಾಯಿಗೆ ಬರಲಿಲ್ಲ. "ಇಲ್ಲ ಅಜ್ಜಿ, ನಾನು ಕಾಯ್ಸಿದ್ದು" ಎಂದೆ. ಅವಳು ಮೆಲ್ಲಗೆ ಕಾಲು ತೆಗೆದು ಒರೆಸಿಕೊಂಡಳು. "ಇರ್ಲಿ ಬಿಡು ಕೂಸೇ, ಅವನು ಬಂದ್ಮೇಲೆ ಇಟ್ಕೋತೀನಿ."

ದಿನವೂ ಕಾಯಿಸುತ್ತೇನೆ. ದಿನವೂ ಆರುತ್ತದೆ. ಹಿಡ್ಕೊಂಡಿದೀಯಾ, ಅಪ್ಪಾ?