ಮೊದಲ ಅಂತಸ್ತು ಫ್ರೀ

೧೨ ಜನವರಿ ೨೦೨೫, ಭಾನುವಾರ. ವಡೋದರಾ

ಪ್ಯಾಕಿಂಗ್ ಟೇಪ್ ಮುಗೀತು. ಇನ್ನೂ ಪಾರ್ಸೆಲ್ ಬಾಕಿ ಇವೆ. ಹಾಲ್‌ನಲ್ಲಿ ಪ್ರಾರ್ಥನಾ ಆಟ ಆಡಿಸ್ತಿದಾಳೆ, ನಾನು ಅಡುಗೆಮನೆ ನೆಲದ ಮೇಲೆ ಪುಸ್ತಕಕ್ಕೆ ಬಬಲ್ ಶೀಟ್ ಸುತ್ತುತಾ ಇದೀನಿ. ನನಗಿದೇ ಸರಿ. ನಾಲ್ಕು ಜನರ ಮುಂದೆ ಕಥೆ ಹೇಳು ಅಂದ್ರೆ ನನ್ನ ನಾಲಿಗೆ ಒಣಗುತ್ತೆ.

ಅವಳು ಮಾತ್ರ... ಒಂದು ಟೇಬಲ್, ದಾಳ, ಪೆನ್ಸಿಲ್. ಅಷ್ಟೇ. ಅವಳು ಕಥೆ ನಡೆಸ್ತಾಳೆ, ಉಳಿದವರು ಒಂದೊಂದು ಪಾತ್ರ ಆಗಿ ಮಾತಾಡ್ತಾರೆ, ಇಕ್ಕಟ್ಟಿಗೆ ಸಿಕ್ಕಾಗ ದಾಳ ಎಸೀತಾರೆ. ಆಟದ ಹೆಸರು ‘ಏಳಂತಸ್ತಿನ ಬಾವಿ’. ಇಲ್ಲಿನ ಮೆಟ್ಟಿಲುಬಾವಿಗಳನ್ನ ನೋಡಿ ಬಂದಾಗಿಂದ ಅವಳ ತಲೆಯಲ್ಲಿದ್ದದ್ದು. ಕಳಕೊಂಡದ್ದನ್ನ ಹುಡುಕ್ತಾ ಒಂದೊಂದೇ ಅಂತಸ್ತು ಇಳೀಬೇಕು.

ಮಕರಪುರದ ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಸೀಟಿನವಳು. ಬಳ್ಳಾರಿ ಹುಡುಗಿ. ಒಂದು ವರ್ಷ ರಜೆ ಹಾಕಿ ಈ ಆಟವನ್ನ ಇಂಗ್ಲಿಷಲ್ಲಿ ಪುಸ್ತಕವಾಗಿ ಬರೆದಳು. ಏಪ್ರಿಲ್‌ಗೆ ವಾಪಸ್ ಬರಬೇಕು, ಇಲ್ಲಾಂದ್ರೆ ಸೀಟು ಹೋಗುತ್ತೆ. ಪುಸ್ತಕ ಓಡಿದರೆ ಬರಲ್ಲ ಅಂತಿದಾಳೆ.

ಓಡುತ್ತೆ. ಓಡಲೇಬೇಕು.

೧೫ ಜನವರಿ

ಗಾಳಿಪಟದ ಎರಡನೇ ದಿನ. ಊರೆಲ್ಲ ತಾರಸಿ ಮೇಲೆ. ನಾವೂ ಇದ್ವಿ. ಮನೋಜ್ ಫೋನ್ ಮಾಡಿದ — ಮೊದಲು ನಮ್ಮ ಜೊತೇನೇ ಕೆಲಸದಲ್ಲಿದ್ದವನು, ಈಗ ಅಹಮದಾಬಾದ್‌ನ ಬೋಡಕ್‌ದೇವ್‌ನಲ್ಲಿ ಸಾಫ್ಟ್‌ವೇರು.

“ವಿಂಧ್ಯಾ, ಒಂದು ಲಿಂಕ್ ಕಳಿಸಿದೀನಿ. ಪ್ರಾರ್ಥನಾಗೆ ನಿಧಾನಕ್ಕೆ ಹೇಳು.”

ಟೆಲಿಗ್ರಾಮ್ ಗ್ರೂಪು. ಅದರಲ್ಲಿ ನಾವು ಮಾರೋ ಪಿಡಿಎಫ್, ಪೂರ್ತಿ, ಬಿಟ್ಟಿ. ಕವರ್‌ನಿಂದ ಕೊನೇ ಪುಟದ ಥ್ಯಾಂಕ್ಸ್‌ವರೆಗೆ, ನನ್ನ ಹೆಸರೂ ಸೇರಿ. ಇಳಿಸಿಕೊಂಡವರು ನಾವು ಮಾರಿದ್ದಕ್ಕಿಂತ ಎಷ್ಟೋ ಪಟ್ಟು.

ನಿಧಾನಕ್ಕೆ ಹೇಳೋಕೆ ಬರಲಿಲ್ಲ. ಫೋನ್ ಅವಳ ಕೈಗೆ ಕೊಟ್ಟೆ. ನೋಡಿದಳು. ಸುತ್ತ ಎಲ್ಲರೂ “ಕಾಪ್ಯೋ ಛೇ!” ಅಂತ ಕೂಗ್ತಿದ್ರು, ಯಾರೋ ಇನ್ಯಾರದೋ ಪಟದ ದಾರ ಕತ್ತರಿಸಿದ್ರು. ಕೆಳಗೆ ಹೋಗಿ ಮಲಗಿಬಿಟ್ಟಳು. ಊಟ ಬೇಡವಂತೆ.

೧೮ ಜನವರಿ

ಮನೋಜ್ ಬಂದು ಹೋದ. ಫೈಲಿಗೆ ಲಾಕ್ ಹಾಕು, ಪ್ರತಿ ಪುಟದ ಮೇಲೂ ಕೊಂಡವರ ಹೆಸರು ಬರೋ ಹಾಗೆ ಮಾಡು, ವಕೀಲರ ನೋಟಿಸ್ ಕಳಿಸು ಅಂದ. ನನಗೆ ಎಲ್ಲಾ ಸರಿ ಅನ್ನಿಸ್ತು.

ಪ್ರಾರ್ಥನಾ ಬೇರೆ ಏನೋ ಮಾಡ್ತಿದ್ದಳು. ಮೂರು ದಿನದಿಂದ ಆ ಗ್ರೂಪ್‌ನ ಮೆಸೇಜೇ ಓದ್ತಿದಾಳಂತೆ. ತನ್ನ ಪುಸ್ತಕ ಕದ್ದವರ ಮಾತು! ನಾನಾಗಿದ್ರೆ ಫೋನ್ ಎಸೀತಿದ್ದೆ.

“ಇವರ್ಯಾರೂ ಆಡೇ ಇಲ್ಲ ಕಣೆ” ಅಂದಳು. “ನೋಡಿಲ್ಲಿ. ‘ಎಲ್ಲಿಂದ ಶುರು ಮಾಡೋದು?’ ‘ಇಷ್ಟು ದಪ್ಪ ಪುಸ್ತಕ ಯಾರು ಓದ್ತಾರೆ?’ ‘ನಮ್ಮೂರಲ್ಲಿ ಆಡಿಸೋರೇ ಇಲ್ಲ.’ ಇಳಿಸಿಕೊಂಡು ಇಟ್ಟಿದಾರೆ ಅಷ್ಟೆ.”

“ಅದಕ್ಕೆ?”

“ಮೊದಲನೇ ಅಂತಸ್ತು ನಾನೇ ಫ್ರೀ ಕೊಡ್ತೀನಿ. ರೂಲ್ಸು ನಾಲ್ಕು ಪುಟದಲ್ಲಿ, ಪಾತ್ರಗಳು ರೆಡಿ. ಸಂಜೆ ಕೂತು ಆಡಿ ಮುಗಿಸೋ ಹಾಗೆ. ಈ ಗ್ರೂಪ್‌ನಲ್ಲೂ ಹಾಕ್ತೀನಿ, ನನ್ನ ಹೆಸರಲ್ಲೇ.”

ಮನೋಜ್ ಹಣೆ ಚಚ್ಚಿಕೊಂಡ. “ಕಳ್ಳರ ಕೈಗೆ ನೀನೇ ಬೀಗದ ಕೈ ಕೊಡ್ತೀಯಾ?”

“ಜಗಲಿ ಮೇಲೆ ಕೂತ್ಕೊಳ್ಳಿ ಅಂತಿದೀನಿ. ಒಳಗೆ ಬರೋದು ಬಿಡೋದು ಅವರಿಷ್ಟ.”

ಅವಳ ಜೊತೆ ವಾದ ಮಾಡಿ ಗೆದ್ದವರಿಲ್ಲ.

೨೬ ಜನವರಿ

ಆಯ್ತು. ಹಾಕಿಬಿಟ್ಟಳು. ಒಂದು ವಾರ ಕೂತು ಮೊದಲ ಅಂತಸ್ತನ್ನ ಪೂರ್ತಿ ಹೊಸದಾಗಿ ಬರೆದಳು. ಫ್ರೀ ಅಂತ ಅಳಿದುಳಿದದ್ದು ಬಡಿಸಲಿಲ್ಲ, ಪುಸ್ತಕಕ್ಕಿಂತ ಚೆನ್ನಾಗಿದೆ. ಹೊಟ್ಟೆಕಿಚ್ಚಾಯ್ತು ಸ್ವಲ್ಪ. ಇಂಥ ನೋವಲ್ಲಿ ನಾನಾದರೆ ಹೀಗೆ ಕೆಲಸ ಮಾಡ್ತಿದ್ನಾ?

ಕೊನೇಲಿ ಒಂದು ಸಾಲು: ‘ಆಡಿಸೋಕೆ ಹೆದರಿಕೆ ಆದ್ರೆ ನನಗೆ ಬರೀರಿ.’

೨೩ ಫೆಬ್ರವರಿ

ಏನೂ ಇಲ್ಲ. ಸ್ಯಾಂಪಲ್ ಇಳಿಸಿಕೊಳ್ತಿದಾರೆ, ಆರ್ಡರ್ ಮಾತ್ರ ಅಲ್ಲೊಂದು ಇಲ್ಲೊಂದು. ಫ್ಯಾಕ್ಟರಿಯಿಂದ ಎಚ್‌ಆರ್ ಮೇಲ್ ಬಂತು, ವಾಪಸ್ ಬರ್ತೀರಾ ಹೇಗೆ ಅಂತ. ಉತ್ತರ ಕೊಟ್ಟಿಲ್ಲ ಅವಳು.

ಮನೋಜ್ “ನಾನು ಹೇಳಿದ್ದೆ” ಅನ್ನಲಿಲ್ಲ. ಅದು ಇನ್ನೂ ಬೇಜಾರು.

೨ ಮಾರ್ಚ್

ಸೂರತ್‌ನಿಂದ ಒಂದು ಮೇಲ್. ಮಂಥನ್ ಅಂತ. ವರಾಛಾದಲ್ಲಿ ವಜ್ರದ ಕಾರ್ಖಾನೆ, ಕಂಪ್ಯೂಟರ್‌ನಲ್ಲಿ ಕಲ್ಲಿನ ಅಳತೆ ನೋಡೋ ಕೆಲಸ. ಕೆಲಸದವರೆಲ್ಲ ಸೇರಿ ಮೊದಲ ಅಂತಸ್ತು ಆಡಿದಾರಂತೆ. ಗುಜರಾತಿಯಲ್ಲಿ! ‘ಬೆನ್’, ಅಂದ್ರೆ ಅಕ್ಕ, ‘ಒಂದು ಸಲ ನೀವೇ ಬಂದು ಆಡಿಸ್ತೀರಾ?’

ಪ್ರಾರ್ಥನಾ ಓದಿದಳು, ಮತ್ತೆ ಓದಿದಳು. ಆಮೇಲೆ ಟ್ರೈನ್ ಟಿಕೆಟ್ ನೋಡೋಕೆ ಕೂತಳು.

೯ ಮಾರ್ಚ್, ಭಾನುವಾರ. ವಾಪಸ್ ಬರ್ತಾ, ಟ್ರೈನಲ್ಲಿ

ಮರೆಯೋ ಮುಂಚೆ ಬರೀಬೇಕು.

ಕಾರ್ಖಾನೆಗೆ ರಜೆ. ಮಾಲೀಕರು ಹಾಲ್ ಬಿಟ್ಟುಕೊಟ್ಟಿದ್ರು. ವಜ್ರಕ್ಕೆ ಪಾಲಿಶ್ ಹಿಡಿಯೋ ಚಕ್ರ ಒಂದೊಂದಕ್ಕೂ ಸುತ್ತ ನಾಲ್ಕು ಸೀಟು, ಪ್ರತಿ ಸೀಟಿಗೂ ತಗ್ಗಿನಲ್ಲಿ ಒಂದು ಲೈಟು. ಈ ಆಟಕ್ಕೇ ಮಾಡಿಸಿದ ಹಾಗೆ! ಪ್ರಾರ್ಥನಾ ಎರಡನೇ ಅಂತಸ್ತು ಆಡಿಸಿದಳು, ಅವಳ ಹರಕು ಗುಜರಾತಿಯಲ್ಲಿ. ಶಬ್ದ ಸಿಗದಾಗ ಅವರೇ ಎತ್ತಿಕೊಡ್ತಿದ್ರು. ನಿಂತು ನೋಡ್ತಿದ್ದವರೂ “ಇಳೀಬೇಡ, ಇಳೀಬೇಡ” ಅಂತ ಕೂಗೋಕೆ ಶುರು.

ಮುಗಿದ ಮೇಲೆ ಚಹಾ. ಮಂಥನ್ ಲೋಟ ಹಿಡ್ಕೊಂಡೇ ನಿಂತಿದ್ದ, ಕುಡೀಲಿಲ್ಲ. ಹಿಂದಿಯಲ್ಲಿ ಹೇಳಿದ —

“ಪ್ರಾರ್ಥನಾಬೆನ್, ಆ ಗ್ರೂಪಿಗೆ ನಿಮ್ಮ ಪುಸ್ತಕ ಹಾಕಿದ್ದು ನಾನೇ.”

ಅಲ್ಲಿದ್ದವರಿಗೆಲ್ಲ ಗೊತ್ತಿತ್ತು ಅನ್ನಿಸುತ್ತೆ. ಅವನೇ ಮುಂದುವರಿಸಿದ. ಪಿಡಿಎಫ್‌ನ ಒಂದು ಪ್ರತಿ ಕೊಂಡಿದ್ದನಂತೆ, ಗ್ರೂಪಲ್ಲಿ ಹೆಸರು ಬರಲಿ ಅಂತ ಹಂಚಿದನಂತೆ. “ಆವಾಗ ನಾನೂ ಓದಿರಲಿಲ್ಲ. ನೀವು ಆ ಫ್ರೀ ಪುಟ ಹಾಕಿದ್ರಲ್ಲ, ಅದನ್ನ ಆಡಿದ ಮೇಲೆ ನಾಚಿಕೆ ಆಯ್ತು. ತೆಗೆದುಹಾಕಿದೀನಿ. ಬೇರೆ ಕಡೆ ಹೋಗಿರೋದು ನನ್ನ ಕೈಲಿಲ್ಲ.”

ಪ್ರಾರ್ಥನಾ ಲೋಟ ಕೆಳಗಿಟ್ಟಳು. ಕಣ್ಣು ತುಂಬಿತ್ತು. “ನನಗೆ ತುಂಬಾ ನೋವಾಯ್ತು, ಮಂಥನ್‌ಭಾಯ್” ಅಂದಳು. ಅಷ್ಟೇ. ಮುಚ್ಚಿಡಲಿಲ್ಲ, ರೇಗಲಿಲ್ಲ. ಆಮೇಲೆ — “ಗುಜರಾತಿಯಲ್ಲಿ ಆಡಿಸೋಕೆ ಶಬ್ದ ಎಲ್ಲಿಂದ ತಂದ್ರಿ?”

ಅವನು ತಾನೇ ಅನುವಾದ ಮಾಡಿದ ಪುಟ ತೋರಿಸಿದ. ಇಬ್ಬರೂ ಅಲ್ಲೇ ತಲೆ ಬಗ್ಗಿಸಿ ಕೂತುಬಿಟ್ರು!

ಇವತ್ತು ಆಡಿದವರು ಬಹುಪಾಲು ಪುಸ್ತಕ ತಗೊಂಡ್ರು. ಯಾರೂ ಹೇಳದೇ.

ಎದುರಿನ ಸೀಟಲ್ಲಿ ನಿದ್ದೆ ಹೋಗಿದಾಳೆ. ಬಾಯಿ ಬಿಟ್ಕೊಂಡು. ದೊಡ್ಡ ಮನುಷ್ಯಳು.

೩೦ ಮಾರ್ಚ್, ಯುಗಾದಿ

ಹೋಳಿಗೆ ನಾನು ಮಾಡಿದೆ, ಹರಿದುಹೋದವು. ತಿಂದ್ವಿ.

ಬೇರೊಂದು ಸೈಟಲ್ಲಿ ಪಿಡಿಎಫ್ ಸಿಕ್ತು ಅಂತ ಮನೋಜ್. ಪೈರಸಿ ನಿಂತಿಲ್ಲ. ನಿಲ್ಲುತ್ತೆ ಅಂತ ಅವಳೂ ಹೇಳಿರಲಿಲ್ಲ. ಸುಮ್ಮನೆ ಇಟ್ಟುಕೊಳ್ಳೋನು ಇಟ್ಟುಕೊಳ್ತಾನೆ. ಒಂದು ಸಲ ಆಡಿದವನಿಗೆ ಟೇಬಲ್ ಮೇಲೆ ಪುಸ್ತಕ ಬೇಕು. ಸೂರತ್, ರಾಜಕೋಟ್, ಪುಣೆ — ಆರ್ಡರ್ ಹಾಕುವಾಗ ‘ಸ್ಯಾಂಪಲ್ ಆಡಿದ್ವಿ’ ಅಂತ ಬರೀತಾರೆ. ಎಲ್ಲಾ ಅದರಿಂದಲೇನಾ? ಗೊತ್ತಿಲ್ಲ. ನನ್ನ ಕೈಗಂತೂ ಟೇಪ್ ಅಂಟಿ ಅಂಟಿ ಚರ್ಮ ಸುಲಿದಿದೆ.

ಎಚ್‌ಆರ್‌ಗೆ ಉತ್ತರ ಬರೆದಳು. ಬರಲ್ಲ ಅಂತ.

೧೭ ಮೇ

ನಾಳೆ ಬೋಡಕ್‌ದೇವ್‌ನಲ್ಲಿ ಮನೋಜ್‌ನ ಅಪಾರ್ಟ್‌ಮೆಂಟಿನವರಿಗೆ ಆಟ. ಅವನೇ ಎಲ್ಲಾ ಏರ್ಪಾಡು ಮಾಡಿದ್ದು, ಮಹಾನುಭಾವ. ಆದ್ರೆ ಪ್ರಾರ್ಥನಾ ಗುಜರಾತಿ ಪುಸ್ತಕದ ಕೆಲಸಕ್ಕೆ ಸೂರತ್‌ನಲ್ಲಿದಾಳೆ.

“ನೀನು ಆಡಿಸು” ಅಂದಳು ಫೋನಲ್ಲಿ.

“ನನ್ನ ಕೈಲಾಗಲ್ಲ ಕಣೆ.”

“ಆಡಿಸೋಕೆ ಹೆದರೋರಿಗೇ ಅಂತ ಬರೆದದ್ದು ಆ ಮೊದಲ ಅಂತಸ್ತು. ಬರೀವಾಗ ನನ್ನ ಕಣ್ಣ ಮುಂದೆ ಯಾರಿದ್ರು ಅಂದ್ಕೊಂಡೆ?”

ಫೋನ್ ಇಟ್ಟು ಆ ನಾಲ್ಕು ಪುಟ ತೆಗೆದು ಓದೋಕೆ ಕೂತೆ.

೧೮ ಮೇ, ಭಾನುವಾರ. ಅಹಮದಾಬಾದ್ ಸ್ಟೇಷನ್

ಆಡಿಸಿದೆ. ನಾನು!

ಟೇಬಲ್‌ನಲ್ಲಿ ಕಮಲಾಕ್ಷಿ ಆಂಟಿ — ಗಂಡ ಬ್ಯಾಂಕಲ್ಲಿ, ಮಂಡ್ಯದಿಂದ ಟ್ರಾನ್ಸ್‌ಫರ್ ಆಗಿ ಬಂದವರು — ಮತ್ತೆ ಕಾಲೇಜು ಓದೋ ಮಗಳು ತನ್ವಿ. ಅಮ್ಮ ಕನ್ನಡದಲ್ಲಿ ಕೇಳಿದ್ರೆ ಮಗಳು ಇಂಗ್ಲಿಷಲ್ಲಿ ಉತ್ತರ. ಮೊದಲು ನನ್ನ ಧ್ವನಿ ನಡುಗ್ತಿತ್ತು. ಆಮೇಲೆ ಯಾವಾಗ ನಿಂತಿತೋ.

ಆಟ ಮುಗಿದ ಮೇಲೆ ಆಂಟಿ ಪುಸ್ತಕ ಕೈಗೆತ್ತಿಕೊಂಡ್ರು. ತನ್ವಿ ಮೆಲ್ಲಗೆ, ಇಂಗ್ಲಿಷಲ್ಲೇ, “ಮಮ್ಮಿ, ನೆಟ್ಟಲ್ಲಿ ಫ್ರೀ ಸಿಗುತ್ತೆ.” ನನಗೆ ಕೇಳಿಸ್ತು. ದಾಳ ಎತ್ತಿ ಡಬ್ಬಿಗೆ ಹಾಕ್ತಾ ಇದ್ದೆ. ಆಂಟಿ ಪುಸ್ತಕ ಕೆಳಗಿಟ್ರು.

ತನ್ವಿ ಅದನ್ನ ನೋಡಿದಳು. ತಾನೇ ದುಡ್ಡು ಕೊಟ್ಟು, ಎತ್ತಿ ಅವರ ಚೀಲಕ್ಕೆ ಹಾಕಿದಳು.

ಪ್ರಾರ್ಥನಾ ಫೋನ್ ಬರ್ತಿದೆ. ಪುಸ್ತಕದ ವಿಷಯ ಅವಳಿಗೆ ಆಮೇಲೆ ಹೇಳ್ತೀನಿ. ಮೊದಲು ಆಟದ ಆ ಗಳಿಗೆ — ಕೊನೇ ಮೆಟ್ಟಿಲು, ದೀಪ ಆರಿತು ಅಂದೆ. ಆಗ ಆ ಹುಡುಗಿ ಟೇಬಲ್ ಮೇಲೆ ಕೈ ಚಾಚಿ, ಕನ್ನಡದಲ್ಲಿ, “ಅಮ್ಮ, ನೀನು ನನ್ನ ಹಿಂದೆ ಬಾ, ನಾನು ಮುಂದೆ ಇಳೀತೀನಿ” ಅಂದಳು.